ಓಟ್ಸ್ ಪೈರು ಏಳುವ ಮೊದಲೇ ಖಾಲಿ: ಬೇಲಿ ಹಾಕಿ ಸರಿಮಾಡಿದ್ದು

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕಾಡಂಚಿನ ಅರ್ಧ ಎಕರೆಗೆ ಆಗಸ್ಟ್ ಮಧ್ಯದಲ್ಲಿ ಓಟ್ಸ್ ಬಿತ್ತಿದ್ದೆ. ಬೇಟೆ ಸೀಸನ್‌ಗೆ ಬಿಳಿಬಾಲದ ಜಿಂಕೆ ಬರಲಿ ಅಂತ. ಮೊಳಕೆ ಚೆನ್ನಾಗೇ ಬಂತು. ಬೆರಳುದ್ದ ಆಗುವಷ್ಟರಲ್ಲಿ ಹೊಲ ಬೋಳು! ಬೀಜವೇ ಸರಿಯಿಲ್ಲ ಅಂದರು ಪಕ್ಕದವರು. ನನಗೆ ನಂಬಿಕೆ ಬರಲಿಲ್ಲ.

ನಡುವೆ ಒಂದು ತಂತಿಬಲೆಯ ಪಂಜರ ಊರಿದೆ. ಕೆಲವೇ ದಿನಗಳಲ್ಲಿ ಒಳಗೆ ಹಸಿರು, ಹೊರಗೆ ಬರೀ ಕೂಳೆ. ಕುಕ್ಕರಗಾಲಲ್ಲಿ ಕೂತು ಎಲೆ ನೋಡಿದೆ. ಮೊಲ ತಿಂದರೆ ತುದಿ ಓರೆಯಾಗಿ, ನೀಟಾಗಿ ಕತ್ತರಿಸಿರುತ್ತದೆ. ಇಲ್ಲಿ ಹರಿದು ಜುಂಗುಜುಂಗಾಗಿತ್ತು. ಜಿಂಕೆಗೆ ಮೇಲಿನ ಮುಂದಿನ ಹಲ್ಲಿಲ್ಲ ಅಲ್ವಾ, ಎಳೆದು ಹರಿಯುತ್ತದೆ. ನೆಂಟರು ಅಡುಗೆ ಆಗುವ ಮೊದಲೇ ಬಂದು ಉಂಡಿದ್ದರು.

ಮತ್ತೆ ಬಿತ್ತಿ, ಸುತ್ತ ಸೋಲಾರ್ ಬೇಲಿ ಎಳೆದೆ. ತಂತಿಗೆ ಅಲ್ಲಲ್ಲಿ ಫಾಯಿಲ್ ಸುತ್ತಿ ಪೀನಟ್ ಬಟರ್ ಸವರಿದೆ. ಮೂಗು ತಾಗಿಸಿ ಶಾಕ್ ಹೊಡೆಸಿಕೊಂಡ ಜಿಂಕೆ ಸುಮ್ನೆ ದೂರ ನಿಲ್ಲುತ್ತದೆ. (ಊರಲ್ಲಿ ಜಿಂಕೆ ಬರದಿರಲಿ ಅಂತ ಬೇಲಿ, ಇಲ್ಲಿ ಬರಲಿ ಅಂತ!) ಬೀಜಕ್ಕೆ ರೈ (ಗೋಧಿಯಂಥ ಒಂದು ಧಾನ್ಯ) ಕೂಡ ಬೆರೆಸಿದೆ. ಚಳಿ ಜಾಸ್ತಿಯಾದರೆ ಓಟ್ಸ್ ಸಾಯುತ್ತದೆ, ರೈ ಚಳಿಗಾಲ ದಾಟುತ್ತದೆ. ಪೈರು ಗೇಣುದ್ದ ಆದಮೇಲೆ ಬೇಲಿ ಕಿತ್ತೆ. ಈಗ ಸಂಜೆಯಾದರೆ ಮೇಯಲು ಬರುತ್ತವೆ, ಪೈರೂ ಉಳಿದಿದೆ.