ಗಿಟಾರಿನ ಅಂಚಿಗೆ ಬೈಂಡಿಂಗ್ ಕಚ್ಚು: ರೂಟರ್ ಜಿಗ್ ಕಟ್ಟಿ ಹದಗೊಳಿಸುವ ಬಗೆ

ಅಕೂಸ್ಟಿಕ್ ಗಿಟಾರಿನ ಮೈ ಕಟ್ಟಿ ಮುಗಿದ ಮೇಲೆ ಅದರ ಅಂಚಿನ ಸುತ್ತ ಕೂರಿಸುವ ತೆಳುವಾದ ಪಟ್ಟಿಗೆ ಬೈಂಡಿಂಗ್ ಎನ್ನುತ್ತಾರೆ. ಅದು ಅಂದಕ್ಕೆ ಮಾತ್ರವಲ್ಲ. ಮೇಲ್ಹಲಗೆಯ ಎಳೆಗಳ ತೆರೆದ ತುದಿಯನ್ನು ಮುಚ್ಚುತ್ತದೆ, ಅಂಚಿಗೆ ಬೀಳುವ ಪೆಟ್ಟನ್ನು ತಾನು ತಾಳಿಕೊಳ್ಳುತ್ತದೆ. ಈ ಪಟ್ಟಿ ಕೂರಬೇಕಾದರೆ ಅಂಚಿನಲ್ಲಿ ಮೆಟ್ಟಿಲಿನಂಥ ಕಚ್ಚು ಕೊರೆಯಬೇಕು. ತಿಂಗಳುಗಟ್ಟಲೆ ಶ್ರಮಪಟ್ಟು ಕಟ್ಟಿದ ಮೈಯನ್ನು ಈ ಒಂದೇ ಹಂತದಲ್ಲಿ ಕೆಡಿಸಿಕೊಂಡವರನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಟ್ರಿಮ್ಮರನ್ನು (ತಿರುಗುವ ಅಲಗಿನಿಂದ ಮರ ಕೊರೆಯುವ ಚಿಕ್ಕ ಕೈ-ರೂಟರ್) ನೇರವಾಗಿ ಹಲಗೆಯ ಮೇಲಿಟ್ಟು ಅಂಚಿನ ಸುತ್ತ ಓಡಿಸುವುದೇ ಅವರಲ್ಲಿ ಬಹುತೇಕರು ಮಾಡುವ ತಪ್ಪು.

ಗಿಟಾರಿನ ಬೆನ್ನು ಸಮತಟ್ಟಾಗಿರುವುದಿಲ್ಲ. ಡ್ರೆಡ್‌ನಾಟ್ ಎಂಬ ದೊಡ್ಡ ಮೈಯ ಮಾದರಿಯಲ್ಲಿ ಮೈಯ ಆಳ ಕುತ್ತಿಗೆಯ ಬಳಿ ಸುಮಾರು 98 ಮಿ.ಮೀ. ಇದ್ದರೆ ಬುಡದ ಬಳಿ ಸುಮಾರು 124 ಮಿ.ಮೀ. ಇರುತ್ತದೆ. 508 ಮಿ.ಮೀ. ಉದ್ದದಲ್ಲಿ ಇಷ್ಟು ವ್ಯತ್ಯಾಸವೆಂದರೆ ಸರಾಸರಿ 3 ಡಿಗ್ರಿ ಇಳಿಜಾರು. ಇದಕ್ಕೆ 15 ಅಡಿ ತ್ರಿಜ್ಯದ ಉಬ್ಬೂ ಸೇರಿದರೆ ಕುತ್ತಿಗೆಯ ಕಡೆಯಲ್ಲಿ ಇಳಿಜಾರು 6 ಡಿಗ್ರಿಯ ಹತ್ತಿರಕ್ಕೆ ಹೋಗುತ್ತದೆ. ಬೆನ್ನಿನ ಮೇಲೆ ಕೂತ ಟ್ರಿಮ್ಮರ್ ಕೂಡ ಅಷ್ಟೇ ವಾಲುತ್ತದೆ. 6 ಮಿ.ಮೀ. ಎತ್ತರದ ಕಚ್ಚಿನ ಗೋಡೆ 3 ಡಿಗ್ರಿ ವಾಲಿದರೆ ಮೇಲಿಗೂ ತಳಕ್ಕೂ 0.3 ಮಿ.ಮೀ., 6 ಡಿಗ್ರಿ ವಾಲಿದರೆ 0.6 ಮಿ.ಮೀ. ವ್ಯತ್ಯಾಸ ಬರುತ್ತದೆ. ಪಾಲಿಶ್ ಏರಿದ ಮೇಲೆ ಆ ಸಂದು ಕಪ್ಪು ಗೆರೆಯಾಗಿ ಕಾಣುತ್ತದೆ; ಮರದ ಪುಡಿ ಮತ್ತು ಅಂಟು ತುಂಬಿದರೂ ಅದು ಮರೆಯಾಗುವುದಿಲ್ಲ.

ಆದುದರಿಂದ ಜಿಗ್, ಅಂದರೆ ಟ್ರಿಮ್ಮರನ್ನೂ ಗಿಟಾರನ್ನೂ ಹಿಡಿದಿಡುವ ಸಾಧನ, ಮಾಡಬೇಕಾದ ಕೆಲಸ ಒಂದೇ: ಹಲಗೆ ಹೇಗೆ ಏರಿಳಿದರೂ ಬಿಟ್ (ಟ್ರಿಮ್ಮರಿನ ಕೊರೆಯುವ ಅಲಗು) ಮಾತ್ರ ಪಕ್ಕಪಟ್ಟಿಗೆ, ಅಂದರೆ ಗಿಟಾರಿನ ಬದಿಯ ಗೋಡೆಗೆ, ಸಮಾನಾಂತರವಾಗಿಯೇ ನಿಲ್ಲಬೇಕು.

ಕಂಬ

18 ಮಿ.ಮೀ. ಮರೈನ್ ಪ್ಲೈವುಡ್ಡಿನಲ್ಲಿ ಅಗಲವಾದ ಪೀಠವಿರುವ, ಸುಮಾರು ಎರಡು ಅಡಿ ಎತ್ತರದ ಕಂಬವನ್ನು ಮಾಡಿ, ಅದರ ಮುಖಕ್ಕೆ 12 ಇಂಚಿನ ಎರಡು ಟೆಲಿಸ್ಕೋಪಿಕ್ ಚಾನೆಲ್‌ಗಳನ್ನು ನೆಟ್ಟಗೆ ಕೂರಿಸಿ, ಅವುಗಳ ಮೇಲೆ ಟ್ರಿಮ್ಮರ್ ಹಿಡಿಯುವ ಹಲಗೆಯನ್ನು ಬಿಗಿಯಿರಿ. ಚಾನೆಲ್ ಕೊಳ್ಳುವಾಗ ಅಂಗಡಿಯಲ್ಲೇ ಪೂರ್ತಿ ಎಳೆದು ಅಡ್ಡಡ್ಡ ಅಲುಗಿಸಿ ನೋಡಬೇಕು. ಅಗ್ಗದ ಚಾನೆಲ್‌ಗಳು ಡ್ರಾಯರಿಗೆ ಸಾಕಾಗಬಹುದು, ಈ ಕೆಲಸಕ್ಕೆ ಖಂಡಿತ ಸಾಲವು. ಮೊದಲು ಒಂದು ಚಾನೆಲ್ಲಿನ ತಿರುಪುಗಳನ್ನು ಪೂರ್ತಿ ಬಿಗಿಯಿರಿ. ಇನ್ನೊಂದರ ತಿರುಪುಗಳನ್ನು ಸಡಿಲವಾಗಿಟ್ಟು, ಹಲಗೆಯನ್ನು ಹಲವು ಬಾರಿ ಮೇಲೆ ಕೆಳಗೆ ಓಡಿಸಿ, ಅದು ತಾನಾಗಿಯೇ ಜಾಗ ಹಿಡಿದ ಮೇಲೆ ಬಿಗಿಯಿರಿ.

ಟ್ರಿಮ್ಮರಿನ ಪೂರ್ತಿ ಭಾರ ಗಿಟಾರಿನ ಸ್ಪ್ರೂಸ್ ಮರದ ಮೇಲ್ಹಲಗೆಯ ಮೇಲೆ ಬಿದ್ದರೆ ಗುರುತು ಮೂಡುತ್ತದೆ. ಕಂಬದ ತುದಿಯಲ್ಲಿ ಸಣ್ಣ ರಾಟೆಯಿಟ್ಟು, ಹಗ್ಗದ ಇನ್ನೊಂದು ತುದಿಗೆ ತೂಕ ಕಟ್ಟಿ, ಕಾಲು ಕಿಲೋದಷ್ಟು ಭಾರ ಮಾತ್ರ ಕೆಳಕ್ಕೆ ಉಳಿಯುವಂತೆ ಮಾಡಿ.

ಇನ್ನು ಹದಗೊಳಿಸುವುದು. ಟ್ರಿಮ್ಮರಿನಲ್ಲಿ ಬಿಟ್ ಹಿಡಿಯುವ ಬಾಯಿಗೆ, ಅಂದರೆ ಕೊಲೆಟ್ಟಿಗೆ, ನೇರವಾದ ಉಕ್ಕಿನ ಸರಳನ್ನು ಸಿಕ್ಕಿಸಿ, ಮೇಜಿನ ಮೇಲೆ ಮೂಲೆಮಟ್ಟವನ್ನು ನಿಲ್ಲಿಸಿ, ಸರಳಿಗೂ ಅದಕ್ಕೂ ನಡುವೆ ಬೆಳಕು ಎಲ್ಲಿ ಇಣುಕುತ್ತದೆಂದು ನೋಡಿ. ಮುಂದಕ್ಕೆ ಅಥವಾ ಹಿಂದಕ್ಕೆ ವಾಲಿದ್ದರೆ ಪೀಠದ ಅಡಿಗೆ ತೆಳುವಾದ ಹಿತ್ತಾಳೆಯ ತಗಡನ್ನು ಕೊಟ್ಟು ಸರಿಪಡಿಸಿ. ಕಚ್ಚಿನ ಗೋಡೆಯನ್ನು ನೇರವಾಗಿ ಕೆಡಿಸುವುದು ಈ ವಾಲುವಿಕೆಯೇ. ಎಡಬಲದ ವಾಲು ಅಷ್ಟು ಅಪಾಯಕಾರಿಯಲ್ಲವಾದರೂ ಅದನ್ನೂ ತೆಗೆಯಿರಿ. ಟ್ರಿಮ್ಮರನ್ನು ಮೇಲಕ್ಕೆತ್ತಿ, ಕೆಳಗಿಳಿಸಿ, ಎರಡೂ ಸ್ಥಾನಗಳಲ್ಲಿ ಇದೇ ಪರೀಕ್ಷೆ ಮಾಡಬೇಕು.

ಇನ್ನೊಂದು ಎಚ್ಚರಿಕೆ: ಕಾಲಿಂಚಿನ ಕೊಲೆಟ್ ಎಂದರೆ 6.35 ಮಿ.ಮೀ. ಅದಕ್ಕೆ 6 ಮಿ.ಮೀ. ಬಿಟ್ ಹಾಕಿ ಬಲವಾಗಿ ಬಿಗಿದರೆ ಹಿಡಿಯಿತೆಂದು ಅನ್ನಿಸುತ್ತದೆ, ಕೆಲಸದ ನಡುವೆ ಬಿಟ್ ಕೆಳಕ್ಕೆ ಜಾರುತ್ತದೆ.

ಉಂಗುರ

ಟ್ರಿಮ್ಮರಿನ ಅಗಲವಾದ ತಳ ಗಿಟಾರಿನ ಹಲಗೆಯನ್ನು ಮುಟ್ಟಲೇಬಾರದು. ಅದರ ಅಡಿಗೆ ಬಿಟ್ಟಿನ ಸುತ್ತ ಗಟ್ಟಿಮರದ ಅಥವಾ ಅಕ್ರಿಲಿಕ್ಕಿನ ಕಿರಿದಾದ ಉಂಗುರವನ್ನು ಕೂರಿಸಿ. 19 ಮಿ.ಮೀ. ಬಿಟ್ಟಿಗೆ 25 ಮಿ.ಮೀ. ರಂಧ್ರವೂ 38 ಮಿ.ಮೀ. ಹೊರವ್ಯಾಸವೂ ಸಾಕು. ಉಂಗುರ ಅಂಚಿನ ಪಕ್ಕದಲ್ಲಷ್ಟೇ ಹಲಗೆಯನ್ನು ಮುಟ್ಟುವುದರಿಂದ ಒಳಗಿನ ಉಬ್ಬು ಕಚ್ಚಿನ ಆಳವನ್ನು ಬದಲಿಸುವುದಿಲ್ಲ. ಅದರ ಅಂಚನ್ನು ನುಣ್ಣಗೆ ಉರುಟಾಗಿಸಿ, ಕಂಬದ ಕಡೆಯ ಅರ್ಧವನ್ನು ಕತ್ತರಿಸಿ ತೆಗೆದುಬಿಡಿ. ಹೊಟ್ಟು ಹೊರಬರಲು ದಾರಿಯಿಲ್ಲದಿದ್ದರೆ ಅದು ಉಂಗುರದ ಅಡಿಗೆ ಸೇರಿ ಟ್ರಿಮ್ಮರನ್ನು ಎತ್ತಿಹಿಡಿಯುತ್ತದೆ. ಕಚ್ಚು ಅಲ್ಲಲ್ಲಿ ಮೇಲೇಳಲು ಸಾಮಾನ್ಯ ಕಾರಣ ಇದೇ.

ತೊಟ್ಟಿಲು

ಎಲ್ಲರೂ ಕಂಬಕ್ಕೆ ಖರ್ಚುಮಾಡಿ, ಗಿಟಾರನ್ನು ಹೊರುವ ತೊಟ್ಟಿಲನ್ನು ಕಡೆಗಣಿಸುತ್ತಾರೆ. ಆದರೆ ಬಿಟ್ ನೆಟ್ಟಗಿದ್ದು ಗಿಟಾರ್ ವಾಲಿ ಮಲಗಿದ್ದರೆ ಪಟ್ಟ ಪಾಡೆಲ್ಲ ವ್ಯರ್ಥ. ಪ್ಲೈವುಡ್ ಹಲಗೆಯ ಮೇಲೆ, ಗಿಟಾರಿನ ಸುತ್ತ ಕಾರ್ಕ್ ಅಂಟಿಸಿದ ಗೂಟಗಳನ್ನು ನಿಲ್ಲಿಸಿ. ಗೂಟಗಳ ತಲೆ ಅಂಚಿಗಿಂತ ಕನಿಷ್ಠ 30 ಮಿ.ಮೀ. ಕೆಳಗಿರಬೇಕು, ಇಲ್ಲದಿದ್ದರೆ ಬಿಟ್ಟಿನ ತುದಿಯಲ್ಲಿದ್ದು ಪಕ್ಕಪಟ್ಟಿಗೆ ಒರಗಿ ಉರುಳುವ ಬೇರಿಂಗಿಗೆ ತಗಲುತ್ತವೆ. ಗಿಟಾರಿನ ಅಡಿಗೆ ನಾಲ್ಕು ಬೋಲ್ಟುಗಳನ್ನು ಕೊಡಿ; ಬೋಲ್ಟುಗಳ ತಲೆಗೆ ಕಾರ್ಕ್ ಹಚ್ಚಿರಬೇಕು. ಅವನ್ನು ತಿರುಗಿಸಿದರೆ ಗಿಟಾರಿನ ಆಯಾ ಮೂಲೆ ಏರಬೇಕು ಅಥವಾ ಇಳಿಯಬೇಕು. ತೊಟ್ಟಿಲು ಜಾರುವ ಮೇಜಿಗೆ ಮೈಕಾ ಅಂಟಿಸಿ ಮೇಣ ಸವರಿ.

ಈಗ ಮೂಲೆಮಟ್ಟವನ್ನು ಮೇಜಿನ ಮೇಲಿಟ್ಟು ಪಕ್ಕಪಟ್ಟಿಗೆ ತಾಗಿಸಿ. ಅಗಲವಾದ ಕೆಳಭಾಗದ ಎರಡು ಬದಿ, ಮೇಲ್ಭಾಗದ ಎರಡು ಬದಿ, ನಡುವಿನ ಎರಡು ಬದಿ, ಬುಡ, ಕುತ್ತಿಗೆಯ ತುದಿ ಹೀಗೆ ಎಲ್ಲೆಡೆ ನೋಡಬೇಕು. ಒಂದು ಬೋಲ್ಟು ತಿರುಗಿಸಿದರೆ ಎದುರು ಬದಿಯೂ ಬದಲಾಗುತ್ತದೆ, ಆದ್ದರಿಂದ ಸುತ್ತು ಬರುತ್ತಲೇ ಇರಬೇಕು. ಪಕ್ಕಪಟ್ಟಿಯೇ ಸ್ವಲ್ಪ ತಿರುಚಿಕೊಂಡಿದ್ದರೆ ಎಲ್ಲ ಕಡೆಯೂ ಪೂರ್ತಿ ಸರಿಹೋಗದು. ಆಗ ವ್ಯತ್ಯಾಸವನ್ನು ಎರಡೂ ಬದಿಗೆ ಸಮನಾಗಿ ಹಂಚಿ. ಈ ಕೆಲಸಕ್ಕೆ ಒಂದು ಗಂಟೆ ಹಿಡಿದರೂ ಅವಸರ ಬೇಡ.

ಅಳತೆ

2 ಮಿ.ಮೀ. ಬೈಂಡಿಂಗ್, ಅದರ ಒಳಗೆ 1.5 ಮಿ.ಮೀ. ಪರ್ಫ್ಲಿಂಗ್ (ಬೈಂಡಿಂಗಿನ ಒಳಬದಿಗೆ ಕೂರುವ ಅಲಂಕಾರದ ಸಣ್ಣ ಪಟ್ಟಿ) ಎಂದುಕೊಳ್ಳಿ. ಕಚ್ಚಿನ ಅಗಲವೆಂದರೆ ಬಿಟ್ ಮತ್ತು ಬೇರಿಂಗುಗಳ ವ್ಯಾಸಗಳ ವ್ಯತ್ಯಾಸದ ಅರ್ಧ. 19 ಮಿ.ಮೀ. ಬಿಟ್ಟಿಗೆ 12 ಮಿ.ಮೀ. ಬೇರಿಂಗ್ ಹಾಕಿದರೆ 3.5 ಮಿ.ಮೀ. ಅಗಲ, 15 ಮಿ.ಮೀ. ಬೇರಿಂಗ್ ಹಾಕಿದರೆ 2 ಮಿ.ಮೀ. ಅಗಲ ಸಿಗುತ್ತದೆ. ಹೆಸರಿಲ್ಲದ ಸೆಟ್ಟುಗಳ ಬೇರಿಂಗುಗಳನ್ನು ವರ್ನಿಯರಿನಿಂದ ಅಳೆಯದೆ ನಂಬಬೇಡಿ. ಬೇರಿಂಗಿಗೆ ಟೇಪ್ ಸುತ್ತಿ ಅಳತೆ ಹೊಂದಿಸುವ ಅಡ್ಡದಾರಿಯೂ ಬೇಡ; ಬಿಸಿಗೆ ಟೇಪ್ ಸರಿಯುತ್ತದೆ. ಮೊದಲು ಅಗಲವಾದ ಮೇಲಿನ ಪರ್ಫ್ಲಿಂಗ್ ಮೆಟ್ಟಿಲು, ಆಮೇಲೆ ಆಳವಾದ ಬೈಂಡಿಂಗ್ ಕಚ್ಚು. ಈ ಕ್ರಮ ತಿರುಗುಮುರುಗಾದರೆ ಬೇರಿಂಗಿಗೆ ಒರಗಲು ಪಕ್ಕಪಟ್ಟಿ ಉಳಿಯದೆ, ಅದು ಆಗಲೇ ಕೊರೆದ ಕಚ್ಚಿನೊಳಗೆ ಬೀಳುತ್ತದೆ. ಬೈಂಡಿಂಗ್ ಎರಡೂ ದಿಕ್ಕಿನಲ್ಲಿ ಕೂದಲೆಳೆಯಷ್ಟು ಹೊರಗುಳಿಯುವಂತೆ ನೋಡಿಕೊಳ್ಳಿ. ಆಮೇಲೆ ಕೆರೆದು ಸಮಮಾಡಬಹುದು.

ಕೊರೆಯುವುದು

ಬೇರಿಂಗ್ ಪಕ್ಕಪಟ್ಟಿಯ ಏರಿಳಿತವನ್ನೆಲ್ಲ ಕಚ್ಚಿಗೆ ನಕಲುಮಾಡುತ್ತದೆ. ಹಾಗಾಗಿ ಅಂಟಿನ ಗಂಟು, ಅಲೆಗಳನ್ನು ಮೊದಲೇ ಕೆರೆದು ತೆಗೆಯಿರಿ. ಸ್ಪ್ರೂಸ್ ಅಂಚಿಗೆ ಎರಡು ಕೈ ಅರಗಿನ ಪಾಲಿಶ್ ಹಚ್ಚಿದರೆ ಎಳೆ ಕಿತ್ತುಬರುವುದು ಕಡಿಮೆಯಾಗುತ್ತದೆ.

ಅಗಲವಾದ ಜಾಗದಿಂದ ಕಿರಿದಾದ ಕಡೆಗೆ ಕೊರೆಯಿರಿ: ಕೆಳಭಾಗದ ಅತಿ ಅಗಲದಿಂದ ನಡುವಿಗೆ, ಮತ್ತೆ ಅದೇ ಅತಿ ಅಗಲದಿಂದ ಬುಡಕ್ಕೆ, ಮೇಲ್ಭಾಗದ ಅತಿ ಅಗಲದಿಂದ ನಡುವಿಗೆ, ಮತ್ತೆ ಅದೇ ಅತಿ ಅಗಲದಿಂದ ಕುತ್ತಿಗೆಗೆ. ಹೀಗೆ ಮಾಡಿದರೆ ಬಿಟ್ ಎಳೆಯನ್ನು ಎದುರಿನಿಂದ ಎಬ್ಬಿಸುವುದಿಲ್ಲ. ಇವುಗಳಲ್ಲಿ ಅರ್ಧ ಭಾಗಗಳಲ್ಲಿ ಬಿಟ್ ತಿರುಗುವ ದಿಕ್ಕಿಗೇ ಗಿಟಾರನ್ನು ಸೆಳೆಯುತ್ತದೆ. ಅಲ್ಲಿ ತೊಟ್ಟಿಲನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಒಂದೊಂದು ಮಿಲಿಮೀಟರಿನಷ್ಟೇ ತೆಗೆಯಿರಿ. ಕೊರೆಯುತ್ತಿರುವ ಅಂಚು ಯಾವಾಗಲೂ ಕಂಬಕ್ಕೆ ನೇರ ಎದುರಾಗಿರುವಂತೆ ತೊಟ್ಟಿಲನ್ನು ತಿರುಗಿಸುತ್ತಿರಬೇಕು.

ಮೊದಲ ಪ್ರಯೋಗ ರದ್ದಿ ತುಂಡಿನ ಮೇಲೆ ನಡೆಯಲಿ. ಗಿಟಾರಿನ ಮೇಲೆ ಮೊದಲ ಕಡಿತ ಮುಂದೆ ಫಿಂಗರ್‌ಬೋರ್ಡ್ ಮುಚ್ಚುವ ಜಾಗದಲ್ಲಿರಲಿ. ಬೀಟೆ ಮರದ ಪಕ್ಕಪಟ್ಟಿಯಾದರೆ ಮುಖಗವಸು ಕಡ್ಡಾಯ, ಅದರ ಧೂಳು ಅನೇಕರಿಗೆ ಅಲರ್ಜಿ ತರುತ್ತದೆ.

ಮೇಲ್ಹಲಗೆಯ ಸುತ್ತು ಮುಗಿದ ಮೇಲೆ ಗಿಟಾರನ್ನು ಮಗುಚಿ ಮಲಗಿಸಿದರೆ ಬೋಲ್ಟುಗಳ ಹಳೆಯ ಎತ್ತರ ಉಪಯೋಗಕ್ಕೆ ಬರುವುದಿಲ್ಲ. ಮೂಲೆಮಟ್ಟ ಹಿಡಿದು ಎಲ್ಲ ಜಾಗಗಳನ್ನೂ ಮೊದಲಿನಿಂದ ಅಳೆದ ಮೇಲೆಯೇ ಬೆನ್ನಿನ ಅಂಚಿಗೆ ಬಿಟ್ ತಾಗಿಸಬೇಕು.