ಬಿದಿರು, ಮೋಡಾಲ್, ಲಯೋಸೆಲ್: ಲೇಬಲ್‌ನಲ್ಲಿ ಏನು ನೋಡಬೇಕು?

"ಬಿದಿರಿನ ಬಟ್ಟೆ" ಅಂತ ಬರೆದಿರೋದನ್ನು ನೋಡಿ ಸುಮ್ನೆ ಕೊಂಡುಬಿಡಬೇಡಿ. ಯಾವ ಗಿಡ ಅನ್ನೋದಕ್ಕಿಂತ ಅದನ್ನು ಎಳೆ ಮಾಡಿದ್ದು ಹೇಗೆ ಅನ್ನೋದು ಮುಖ್ಯ. ಬಿದಿರಾಗಲಿ, ನೀಲಗಿರಿಯಾಗಲಿ, ಮೊದಲು ತಿರುಳು ಮಾಡುತ್ತಾರೆ, ಆಮೇಲೆ ಅದನ್ನು ಕರಗಿಸಿ ಶವರ್‌ನಲ್ಲಿ ಇರುವಂಥ ಸಣ್ಣ ತೂತುಗಳಿಂದ ಒತ್ತಿ ಎಳೆ ತೆಗೆಯುತ್ತಾರೆ. ಬಿದಿರಿನದು ಅಂತ ಮಾರುವ ಮೆತ್ತನೆಯ ಬಟ್ಟೆ ಬಹುತೇಕ ವಿಸ್ಕೋಸೇ, ಅಂದರೆ ತಿರುಳನ್ನು ರಾಸಾಯನಿಕಗಳಿಂದ ಕರಗಿಸಿ ತೆಗೆದ ಎಳೆ, ರೇಯಾನ್ ಅಂತಲೂ ಕರೆಯುತ್ತಾರೆ. ಅಮೆರಿಕದಲ್ಲಂತೂ ಅದನ್ನು ಬರೀ "ಬಿದಿರು" ಅಂತ ಮಾರಿದ್ದಕ್ಕೆ 2009ರಲ್ಲಿ ಸರ್ಕಾರದ ವ್ಯಾಪಾರ ಆಯೋಗ ಕೆಲವು ಕಂಪನಿಗಳ ಮೇಲೆ ಕ್ರಮ ತೊಗೊಂಡಿತ್ತು.

ವಿಸ್ಕೋಸ್ ಹಳೆಯದು, ಅದರ ಪೇಟೆಂಟ್ 1892ರದ್ದು. ಅಗ್ಗ, ತಂಪು, ಚೆನ್ನಾಗಿ ಇಳಿಬೀಳುತ್ತದೆ. ಆದರೆ ಅದಕ್ಕೆ ಬಳಸುವ ಕಾರ್ಬನ್ ಡೈಸಲ್ಫೈಡ್ ಅನ್ನೋ ರಾಸಾಯನಿಕ ಕಾರ್ಖಾನೆಯಲ್ಲಿ ದುಡಿಯುವವರ ನರಗಳಿಗೆ ವಿಷ, ನನಗೆ ಇದೇ ಜಾಸ್ತಿ ಚುಚ್ಚುವ ವಿಷಯ. ಲಯೋಸೆಲ್ ಕೂಡ ತಿರುಳಿನಿಂದಲೇ ತೆಗೆದ ಎಳೆ, ಆದರೆ ಅದಕ್ಕೆ ಆ ರಾಸಾಯನಿಕ ಬೇಕಿಲ್ಲ. ಬೇರೊಂದು ದ್ರಾವಕದಲ್ಲಿ ಕರಗಿಸುತ್ತಾರೆ, ಅದನ್ನು ಹೆಚ್ಚುಕಮ್ಮಿ ಪೂರ್ತಿ ಹಿಂದಕ್ಕೆ ಪಡೆದು ಮತ್ತೆ ಬಳಸುತ್ತಾರೆ. ಹಾಗಾಗಿ ಕೈಗೆಟುಕಿದರೆ ನನ್ನ ಮತ ಲಯೋಸೆಲ್‌ಗೆ. ಲೇಬಲ್‌ನಲ್ಲಿ ಕಾಣುವ ಟೆನ್ಸೆಲ್ ಅನ್ನೋದು ಬಟ್ಟೆಯ ಜಾತಿಯಲ್ಲ, ಬ್ರ್ಯಾಂಡ್. ಅದರಲ್ಲಿ ಲಯೋಸೆಲ್ಲೂ ಉಂಟು, ಮೋಡಾಲೂ ಉಂಟು, ಪಕ್ಕದ ಪದ ಓದಿ. ಮೋಡಾಲ್ ವಿಸ್ಕೋಸಿನದೇ ಗಟ್ಟಿ ತಮ್ಮ, ಒಳಉಡುಪಿಗೆ, ಟೀಶರ್ಟಿಗೆ ಒಳ್ಳೆಯದು. ಹತ್ತಿಬೀಜಕ್ಕೆ ಅಂಟಿದ ನವಿರು ನಾರಿನಿಂದ ಮಾಡುವ ಕುಪ್ರೊ ಅನ್ನೋ ಬಟ್ಟೆ ಕೋಟಿನ ಒಳಪದರಕ್ಕೆ ಚೆಂದ.

ಒದ್ದೆಯಾದಾಗ ಏನಾಗುತ್ತದೆ ಅಂತ ಯೋಚಿಸಿದ್ದೀರಾ? ನಾನು ಒಂದು ವಿಸ್ಕೋಸ್ ಟಾಪನ್ನು ನೆನೆಸಿ ಜೋರಾಗಿ ಹಿಂಡಿದ್ದೆ, ಕಂಕುಳ ಹೊಲಿಗೆಯ ಪಕ್ಕ ಪಿಸಿದೇ ಹೋಯಿತು. ನೀರು ಕುಡಿದ ವಿಸ್ಕೋಸ್ ಸುಮಾರು ಅರ್ಧ ಬಲ ಕಳೆದುಕೊಳ್ಳುತ್ತದೆ. ಮನೆಯಲ್ಲಿರುವ ಬಟ್ಟೆಯ ಒಳಅಂಚಿನಿಂದ ಒಂದು ನೂಲು ಬಿಡಿಸಿ, ನಡುವೆ ಮಾತ್ರ ಒದ್ದೆ ಮಾಡಿ ಎಳೆಯಿರಿ. ವಿಸ್ಕೋಸಾದರೆ ಒದ್ದೆ ಜಾಗದಲ್ಲೇ ಪಟ್ಟನೆ ತುಂಡಾಗುತ್ತದೆ. ಲಯೋಸೆಲ್ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಪದೇಪದೇ ಒಗೆಯುವ ಬಟ್ಟೆ ಬೇಕಿದ್ದರೆ ಇದನ್ನು ನೆನಪಿಡಿ.

ಲೇಬಲ್‌ನಲ್ಲಿ ಶೇಕಡಾವಾರೂ ನೋಡಿ, ಪಾಲಿಯೆಸ್ಟರ್ ಜಾಸ್ತಿ ಬೆರೆತಿದ್ದರೆ ನೀವು ಹುಡುಕುತ್ತಿದ್ದ ತಂಪು ಸಿಗುವುದಿಲ್ಲ ಅಲ್ವಾ? ಲಯೋಸೆಲ್ ಉಜ್ಜಿದರೆ ಮೇಲೆ ನವಿರಾದ ಜುಂಗು ಏಳುತ್ತದೆ, ಅದಕ್ಕೇ ಒಳಮೈ ಹೊರಗೆ ಮಾಡಿ ಒಗೆಯಿರಿ. ವಿಸ್ಕೋಸನ್ನು ತಣ್ಣೀರಲ್ಲಿ ಒಗೆದು, ಹಿಂಡದೆ ಟವೆಲ್‌ನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹರಡಿ.