ಬಯಕೆಯನ್ನು ಬರೆದಿಟ್ಟು ಒಪ್ಪಿಸುವ ಕ್ರಮ

ಮಂಗಳೂರು, ಉಡುಪಿ ಕಡೆಯ ನಮ್ಮ ಕ್ರೈಸ್ತ ಮನೆಕೂಟಗಳಲ್ಲಿ, ಅಂದರೆ ಮನೆಗಳಲ್ಲಿ ಸೇರುವ ಪ್ರಾರ್ಥನಾಕೂಟಗಳಲ್ಲಿ, ‘ನಿನ್ನ ಚಿತ್ತದಂತೆ ಆಗಲಿ’ ಎಂಬ ಮಾತು ಆಮೆನ್‌ಗೆ ಸ್ವಲ್ಪ ಮೊದಲು ಬರುತ್ತದೆ. ಅಷ್ಟರಲ್ಲಿ ಗಲ್ಫ್ ವೀಸಾ, ಮಗಳಿಗೆ ಸಂಬಂಧ, ಮೆಡಿಕಲ್ ಸೀಟು ಎಲ್ಲವನ್ನೂ ಕೇಳಿ ಆಗಿರುತ್ತದೆ. ಅರ್ಜಿಯ ಕೆಳಗೆ ‘ಇಂತಿ ತಮ್ಮ ವಿಶ್ವಾಸಿ’ ಬರೆದ ಹಾಗೆ. ಹಾಗಾಗಿ ಬಯಕೆಯನ್ನು ದೇವರ ಚಿತ್ತಕ್ಕೆ ಒಪ್ಪಿಸುವ ಪ್ರಾರ್ಥನೆಯನ್ನು ನಾನು ಪ್ರತ್ಯೇಕವಾಗಿ ಮಾಡುತ್ತೇನೆ: ಬೆಳಿಗ್ಗೆ ಐದೂವರೆಗೆ, ಇಪ್ಪತ್ತು ನಿಮಿಷ, ಒಂದು ಸಲಕ್ಕೆ ಒಂದೇ ಬಯಕೆ.

ಮೊದಲು ಆ ಬಯಕೆಯನ್ನು ನೋಟ್‌ಬುಕ್ಕಿನಲ್ಲಿ ಒಂದೇ ವಾಕ್ಯದಲ್ಲಿ ಬರೆಯಬೇಕು. ‘ಮಗನಿಗೆ ಒಳ್ಳೆಯದಾಗಲಿ’ ಎಂದು ಬರೆದರೆ ಅದು ಆಶೀರ್ವಾದ, ಬಯಕೆಯಲ್ಲ. ‘ಮಗ ಮಾರ್ಚ್ ಒಳಗೆ ದುಬೈ ಬಿಟ್ಟು ಬಂದು, ನಾನು ನೋಡಿಟ್ಟ ಹುಡುಗಿಯನ್ನೇ ಮದುವೆಯಾಗಬೇಕು’ — ಇದು ಬಯಕೆ. ಬರೆದದ್ದನ್ನು ಓದಿದಾಗ ಸ್ವಲ್ಪ ನಾಚಿಕೆಯಾದರೆ ವಾಕ್ಯ ಸರಿ ಬಿದ್ದಿದೆ ಎಂದು ಲೆಕ್ಕ. ‘ಮನೆ ದೊಡ್ಡದಾದರೆ ಕೂಟ ನಡೆಸಲು ಅನುಕೂಲ’ ಎಂಬಂಥ ಭಕ್ತಿಯ ಬಾಲ ಅಂಟಿಕೊಂಡಿದ್ದರೆ ಹೊಡೆದುಹಾಕಬೇಕು. ನಮ್ಮದು ಯಾವುದು ಎಂದು ಗೊತ್ತಿಲ್ಲದೆ ಒಪ್ಪಿಸುವುದಾದರೂ ಏನನ್ನು?

ಆಮೇಲಿನ ಮೂರು ಸುತ್ತುಗಳ ಮಾದರಿ ಗೆತ್ಸೆಮನೆಯದು, ಶಿಲುಬೆಯ ಹಿಂದಿನ ರಾತ್ರಿ ಶಿಷ್ಯರು ನಿದ್ದೆಹೋಗಿದ್ದಾಗ ಯೇಸು ಪ್ರಾರ್ಥಿಸಿದ ತೋಟದ್ದು. ಬೈಬಲಿನ ಮತ್ತಾಯ 26ನೇ ಅಧ್ಯಾಯವನ್ನು ನಿಧಾನಕ್ಕೆ ಓದಿದರೆ ಒಂದು ವ್ಯತ್ಯಾಸ ಕಾಣುತ್ತದೆ. 39ನೇ ವಚನದಲ್ಲಿ ಯೇಸು, ಸಾಧ್ಯವಿದ್ದರೆ ಈ ಪಾತ್ರೆ, ಅಂದರೆ ಎದುರಿಗಿರುವ ಯಾತನೆ, ತನ್ನನ್ನು ಬಿಟ್ಟುಹೋಗಲಿ ಎಂದು ಕೇಳುತ್ತಾನೆ. 42ರಲ್ಲಿ ಮಾತು ಬದಲಾಗಿದೆ: ಕುಡಿಯದೆ ಅದು ಹೋಗುವುದಿಲ್ಲ ಎಂದಾದರೆ, ನಿನ್ನ ಚಿತ್ತವಾಗಲಿ. 44ರಲ್ಲಿ ಮತ್ತೆ ಅದೇ ಮಾತು. ದೇವಕುಮಾರನೇ ನೇರವಾಗಿ ಕೊನೆಯ ಸಾಲಿಗೆ ಹಾರಲಿಲ್ಲ, ನಾವು ಹಾರುತ್ತೇವೆ.

ಮೊದಲ ಸುತ್ತು ಐದು ನಿಮಿಷ. ಬರೆದ ವಾಕ್ಯವನ್ನು ದನಿ ತೆಗೆದು ಓದಿ, ಬೇಕು ಎಂದೇ ಕೇಳುವುದು. ಇಲ್ಲಿ ಸಂಕೋಚ ಬೇಡ.

ಎರಡನೆಯದಕ್ಕೆ ಹತ್ತು ನಿಮಿಷ ಬೇಕು, ನಿಜವಾದ ಕೆಲಸ ಇರುವುದು ಇಲ್ಲೇ. ‘ಆಗದೇ ಹೋದರೆ’ ಎಂದು ಶುರುಮಾಡಿ ಆ ದಿನವನ್ನೇ ದೇವರ ಮುಂದೆ ಬಿಡಿಸಿಡಬೇಕು. ಯಾರಿಗೆ ಮೊದಲು ಫೋನ್ ಮಾಡಬೇಕಾಗುತ್ತದೆ, ಭಾನುವಾರ ಆರಾಧನೆ ಮುಗಿದು ಚಪ್ಪಲಿ ಹಾಕಿಕೊಳ್ಳುವಾಗ ಕೇಳುವವರಿಗೆ ಏನು ಹೇಳುವುದು, ಕಟ್ಟಿದ ಅಡ್ವಾನ್ಸ್ ಹೋದರೆ ತಿಂಗಳು ಹೇಗೆ ಸಾಗೀತು. ಎಷ್ಟೋ ಸಲ ಹೆದರಿಕೆ ಇರುವುದು ಬಯಸಿದ್ದು ತಪ್ಪುವುದಕ್ಕಲ್ಲ, ಆ ಚಪ್ಪಲಿಯ ಹೊತ್ತಿನ ಪ್ರಶ್ನೆಗೆ. ಹಾಗೆಂದು ತಿಳಿದರೆ ಅದನ್ನೂ ಕೆಳಗೆ ಬರೆಯಬೇಕು. ನಿದ್ದೆ ತೂಗುವುದೂ ಈ ಸುತ್ತಿನಲ್ಲೇ. ಶಿಷ್ಯರಿಗೂ ತೂಗಿತ್ತು. ಎದ್ದು ನಿಂತು ಮುಂದುವರಿಸಿದರಾಯಿತು.

ಮೂರನೆಯದರಲ್ಲಿ ಮಾತು ಒಂದೇ ಸಾಲು. ಮೊಣಕಾಲ ಮೇಲೆ ಮುಷ್ಟಿ ಕಟ್ಟಿ ಇಟ್ಟುಕೊಂಡಿದ್ದು, ‘ನಿನ್ನ ಚಿತ್ತ’ ಎನ್ನುವಾಗ ಕೈಯನ್ನು ಅಂಗಾತ ಬಿಡಿಸಿ ಸುಮ್ಮನೆ ಕೂರುವುದು. ‘ಚಿತ್ತ’ ಎಂದ ಕೂಡಲೇ ಕೋರ್ಟಿನ ತೀರ್ಪು ಕೇಳಿದಂತಾಗುವವರು ನೆರೆಯ ಕೊಂಕಣಿ ಕ್ಯಾಥೊಲಿಕರ ಮಾತನ್ನು ಬಾಯಿಗೆ ತಂದುಕೊಳ್ಳಬಹುದು. ಕರ್ತನ ಪ್ರಾರ್ಥನೆಯಲ್ಲಿ ನಾವು ಚಿತ್ತ ಎನ್ನುವ ಜಾಗದಲ್ಲಿ ಅವರು ‘ತುಜಿ ಖುಶಿ’ ಎನ್ನುತ್ತಾರೆ. ಕನ್ನಡದ ಕಿವಿಗೆ ಆ ಪದ ಬೇರೆಯೇ ಕೇಳಿಸುತ್ತದೆ. ದೇವರ ಇಷ್ಟವೆಂದರೆ ನಷ್ಟವೇ ಎಂಬ ಗುಮಾನಿ ಸ್ವಲ್ಪ ಸಡಿಲವಾಗುತ್ತದೆ.

ಈ ಪ್ರಾರ್ಥನೆ ಕೆಡುವುದು ಹೆಚ್ಚಾಗಿ ಚೌಕಾಸಿಯಿಂದ. ಒಪ್ಪಿಸಿದ್ದೇನೆ, ಆದ್ದರಿಂದ ಕೊಡು ಎಂಬ ಲೆಕ್ಕ ಒಳಗೊಳಗೇ ನಡೆಯುತ್ತಿರುತ್ತದೆ. 1880ರಲ್ಲಿ ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜು ತೆರೆದ ಯೇಸುಸಭೆಯವರ (ಜೆಸ್ಯೂಟ್ ಪಾದ್ರಿಗಳ) ಸ್ಥಾಪಕ ಇಗ್ನೇಷಿಯಸ್ ಲೊಯೋಲಾ ಇದಕ್ಕೊಂದು ಧ್ಯಾನ ಇಟ್ಟಿದ್ದಾರೆ. ಹತ್ತು ಸಾವಿರ ಡಕಟ್ (ಆಗಿನ ಯುರೋಪಿನ ಚಿನ್ನದ ನಾಣ್ಯ) ಹಣ ಗಳಿಸಿದ ಮೂರು ಬಗೆಯ ಜನ: ಒಬ್ಬರು ಹಣದ ಮೋಹ ಬಿಡಬೇಕು ಎನ್ನುತ್ತಲೇ ಸಾಯುವವರೆಗೆ ಏನೂ ಮಾಡುವುದಿಲ್ಲ, ಇನ್ನೊಬ್ಬರು ಹಣ ಇಟ್ಟುಕೊಂಡೇ ಮೋಹ ಬಿಡಲು ನೋಡುತ್ತಾರೆ, ಅಂದರೆ ದೇವರೇ ತಮ್ಮ ದಾರಿಗೆ ಬರಲಿ ಎಂದು, ಮೂರನೆಯವರಿಗೆ ಇಟ್ಟುಕೊಳ್ಳುವುದೂ ಬಿಡುವುದೂ ದೇವರು ಹೇಳಿದಂತೆ. ಸಭೆಯಲ್ಲಿ ಒಳ್ಳೆಯ ಹೆಸರಿರುವ ನಮ್ಮಂಥವರು ಬಹುತೇಕ ಎರಡನೆಯವರು.

ಒಪ್ಪಿಸುವುದೆಂದರೆ ಕೈಕಟ್ಟಿ ಕೂರುವುದೂ ಅಲ್ಲ. ಅರ್ಜಿ ಹಾಕಬೇಕು, ಮಾತ್ರೆ ನುಂಗಬೇಕು. ಅಪೊಸ್ತಲ ಪೌಲನೂ ತನ್ನ ಶರೀರವನ್ನು ಕಾಡುತ್ತಿದ್ದ ‘ಮುಳ್ಳು’ ತೆಗೆಯೆಂದು ಮೂರು ಸಲ ಬೇಡಿದ್ದನ್ನು 2 ಕೊರಿಂಥ 12:8ರಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಇನ್ನು ಗಂಡನ ಹೊಡೆತ ತಿನ್ನುವವಳಿಗೆ ‘ದೇವರ ಚಿತ್ತ, ಸಹಿಸಿಕೋ’ ಎನ್ನುವವರ ಬಾಯಿ ಮುಚ್ಚಿಸಬೇಕು. ಅಲ್ಲಿ ಮೊದಲು ಆಗಬೇಕಾದದ್ದು ಆಕೆ ಆ ಮನೆಯಿಂದ ಹೊರಗೆ ಬರುವುದು.

ಐದೂವರೆಗೆ ಬಿಟ್ಟ ಬಯಕೆಯನ್ನು ಹನ್ನೊಂದಕ್ಕೆಲ್ಲ ಮತ್ತೆ ಎತ್ತಿಕೊಂಡಿರುತ್ತೇವೆ. ಫೋನನ್ನು ಪದೇ ಪದೇ ತೆಗೆದು ನೋಡುವುದು ಅದರ ಗುರುತು. ಬೈದುಕೊಂಡು ಉಪಯೋಗವಿಲ್ಲ, ಇದ್ದಲ್ಲೇ, ಬಸ್ಸಿನ ಸೀಟಿನಲ್ಲಾದರೂ ಸರಿ, ಕೈ ಬಿಡಿಸಿ ಆ ಒಂದು ಸಾಲು ಹೇಳಬೇಕು. ರಾತ್ರಿ ಮಲಗುವ ಮೊದಲು ಎಷ್ಟು ಸಲ ಹಾಗಾಯಿತೆಂದು ನೋಟ್‌ಬುಕ್ಕಿನ ಅಂಚಿನಲ್ಲಿ ಗೆರೆ ಹಾಕುತ್ತೇನೆ. ವಾರಕ್ಕೊಮ್ಮೆ ಮೇಲಿನ ವಾಕ್ಯವನ್ನು ನೋಡದೆ ಹೊಸದಾಗಿ ಬರೆಯುತ್ತೇನೆ. ಕೆಲವು ವಾರಗಳಲ್ಲಿ ‘ಮಾರ್ಚ್ ಒಳಗೆ’ ಬಿದ್ದುಹೋಗುತ್ತದೆ, ಆಮೇಲೆ ‘ನಾನು ನೋಡಿಟ್ಟ’. ಬಯಕೆ ಮಾತ್ರ ಹಾಗೇ ಉಳಿದಿರುತ್ತದೆ, ವಾಕ್ಯ ಗಿಡ್ಡವಾಗಿರುತ್ತದೆ.